ಏರಿನಲ್ಲಿ ಹತ್ತುವ ದೀಪ

ಫೆಬ್ರವರಿ 3, ಸೋಮವಾರ

ಇವತ್ತು ಗುಡ್ಡದ ಏರಿನಲ್ಲಿ ಕಾರಿನ ದೀಪ ಹತ್ತಿತು. ಮುಂದಿನ ದೊಡ್ಡ ದೀಪವಲ್ಲ, ಸ್ಟೀರಿಂಗಿನ ಹಿಂದೆ ಮುಳ್ಳುಗಳ ನಡುವೆ ಇರುತ್ತದಲ್ಲ, ಎಂಜಿನ್ ಚಿತ್ರದ ಹಳದಿ ದೀಪ, ಅದು. ತಂಗಿ ಪುಟ್ಟಿಯನ್ನು ತಪಾಸಣೆಗೆ ಕರೆದುಕೊಂಡು ಹೋಗುತ್ತಿದ್ದೆ. ಎಂಟು ತಿಂಗಳು ತುಂಬಿದ ಹೊಟ್ಟೆಯ ಮೇಲೆ ಕೈಚೀಲ ಇಟ್ಟುಕೊಂಡು ಏನೋ ಹೇಳಿ ನಗುತ್ತಿದ್ದವಳು ಅದನ್ನು ಕಂಡದ್ದೇ ಬೆರಳು ತೋರಿಸಿದಳು.

"ಅಕ್ಕಾ, ಅದೇನದು?"

"ಏನಿಲ್ಲ" ಎಂದೆ. ಎಂಜಿನ್ ಒಂದೆರಡು ಸಲ ಮುಗ್ಗರಿಸಿತು, ಮತ್ತೆ ಸರಿಹೋಯಿತು.

ಎರಡು ವರ್ಷದ ಹಿಂದೆ ಇದೇ ಏರಿನಲ್ಲಿ, ದೊಡ್ಡ ತಿರುವಿನ ಹತ್ತಿರ, ಬಾಡಿಗೆ ಕಾರು ಕೆಟ್ಟು ನಿಂತಿತ್ತು. ಪುಟ್ಟಿಗೆ ನೋವು ಶುರುವಾಗಿತ್ತು. ಬೇರೆ ಗಾಡಿ ಸಿಕ್ಕಿ ಗುಡ್ಡದಾಚೆಯ ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು. ಅದಾದ ಮೇಲೆಯೇ ನಾನು ಡ್ರೈವಿಂಗ್ ಕಲಿತದ್ದು, ಈ ಹಳೆಯ ಕಾರು ಮನೆಗೆ ಬಂದದ್ದು. ಕಲಿಸಿದವರು ಅಪ್ಪ. ಜೀವಮಾನವಿಡೀ ಲಾರಿ ಓಡಿಸಿದ ಮನುಷ್ಯ. ಹೋದ ವರ್ಷ ಗೇಟಿನ ಕಂಬಕ್ಕೆ ಕಾರು ಸವರಿದ ಮೇಲೆ ಅವರ ಕೈಗೆ ಸ್ಟೀರಿಂಗ್ ಕೊಟ್ಟಿಲ್ಲ. ಒರೆಸುವುದು ಮಾತ್ರ ಅವರ ಪಾಲಿಗೆ ಉಳಿದಿದೆ. ಪುಟ್ಟಿಯ ಗಂಡನಿಗೆ ಹಡಗಿನಲ್ಲಿ ಕೆಲಸ, ಯಾವ ಸಮುದ್ರದಲ್ಲಿದ್ದಾನೋ ಅವನಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಈ ಮನೆಯಲ್ಲಿ ಗಾಡಿ ಓಡಿಸುವವಳು ನಾನೊಬ್ಬಳೇ.

ಡಾಕ್ಟರಮ್ಮ ಇವತ್ತು ಮತ್ತೆ ಹೇಳಿದರು, "ನೋವು ಶುರುವಾದ ತಕ್ಷಣ ಹೊರಟುಬಿಡಿ, ಕಾಯಬೇಡಿ" ಅಂತ. ಹೂಂ ಎಂದೆ. ದೀಪದ ವಿಷಯ ಅವರಿಗೆ ಹೇಳಲಿಲ್ಲ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಲ್ಲ ದೀಪಗಳ ಜೊತೆ ಅದೂ ಹತ್ತಿ, ಎಂಜಿನ್ ಶುರುವಾಗುತ್ತಲೇ ಜಾಣಮರಿಯ ಹಾಗೆ ಆರಿಹೋಯಿತು.

ಆದರೂ ಪಾನಣ್ಣನ ಗ್ಯಾರೇಜಿಗೆ ಹೋದೆ. ಅವನ ನಿಜವಾದ ಹೆಸರು ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಇಲ್ಲದೆ ಅವನನ್ನು ನೋಡಿದವರೂ ಇಲ್ಲ. ಸ್ಕ್ಯಾನರಿನ ತಂತಿಯನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿ, ಪರದೆ ನೋಡಿ, "ಏನೂ ಇಲ್ಲ ಅಕ್ಕಾ, ಗಾಡಿ ಕಲ್ಲುಗುಂಡು" ಎಂದ. ಗಾಡಿಯಲ್ಲಿ ದೋಷ ಕಂಡರೆ ಒಳಗಿನ ಕಂಪ್ಯೂಟರ್ ಅದರ ಗುರುತು ಬರೆದಿಟ್ಟುಕೊಳ್ಳುತ್ತದಂತೆ. ಇದರಲ್ಲಿ ಯಾವ ಗುರುತೂ ಇಲ್ಲ. "ಪೆಟ್ರೋಲ್ ಮುಚ್ಚಳ ಸಡಿಲ ಇದ್ರೂ ಒಂದೊಂದ್ಸಲ ಬರುತ್ತೆ" ಎಂದು ಮುಚ್ಚಳವನ್ನು ಕಟಕಟ ತಿರುಗಿಸಿ ಕಳಿಸಿದ.

ಮುಚ್ಚಳವಂತೆ. ಒಂದು ಮುಚ್ಚಳಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟೆನಲ್ಲ.

ಫೆಬ್ರವರಿ 7, ಶುಕ್ರವಾರ

ಮುಚ್ಚಳವಲ್ಲ.

ಕೆಲಸಕ್ಕೆ ಹೋಗುವಾಗ ಮತ್ತೆ ಅದೇ ಏರಿನಲ್ಲಿ ಹತ್ತಿತು. ಒಬ್ಬಳೇ ಇದ್ದೆ. ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಏನು ನೋಡಬೇಕೆಂದು ಗೊತ್ತಿಲ್ಲದೆ ಎಲ್ಲವನ್ನೂ ನೋಡಿ ಮುಚ್ಚಿದೆ. ಕನ್ನಡಕದ ಅಂಗಡಿ ಸೇರಿದಾಗ ತಡವಾಗಿತ್ತು. ಯಜಮಾನರು ಗೋಡೆಯ ಗಡಿಯಾರ ನೋಡಿದರು, ನಾನು ಗಾಜು ಉಜ್ಜುವ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತೆ. ಒಂದು ಗಾಜಿನ ಅಂಚನ್ನು ಯಂತ್ರ ಹೆಚ್ಚು ತಿಂದಿತು. ನನ್ನ ಕೈಯಲ್ಲಿ ಗಾಜು ಹಾಳಾಗುವುದು ಅಪರೂಪ.

ಸಂಜೆ ವಾಪಸು ಬರುವಾಗಲೂ ದೀಪ ಉರಿಯುತ್ತಲೇ ಇತ್ತು. ಪಾನಣ್ಣ ಬಾಗಿಲು ಹಾಕಿಕೊಂಡು ಹೋಗಿದ್ದ. ಅಪ್ಪ ಎಂದಿನಂತೆ ಬಟ್ಟೆ ಹಿಡಿದು ಕಾರು ಒರೆಸಲು ಶೆಡ್ಡಿಗೆ ಹೋದರು. "ಮೊದಲು ಕೈ ತೊಳ್ಕೊಂಡು ಊಟಕ್ಕೆ ಬನ್ನಿ, ಆ ಡಬ್ಬ ಎಲ್ಲಿಗೂ ಓಡಿಹೋಗಲ್ಲ" ಎಂದೆ. ಕಾರಿನ ಮೇಲಿನ ಸಿಟ್ಟು ಅವರ ಮೇಲೆ.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ದೀಪ ಇಲ್ಲ! ಪಾನಣ್ಣನಿಗೆ ತೋರಿಸಲು ಹೊತ್ತುಕೊಂಡು ಹೋದ ಕಾಯಿಲೆ ಬಾಗಿಲಲ್ಲೇ ಮಾಯ. ಸ್ಕ್ಯಾನರಿನಲ್ಲಿ ಮತ್ತೆ ಏನೂ ಇಲ್ಲ. ಆದರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, "ಇವು ಹಳೇವು, ಹೇಗಿದ್ರೂ ಬದಲಾಯಿಸ್ಬೇಕಿತ್ತು" ಎಂದು ಹೊಸವು ಹಾಕಿದ.

ಈ ಕಾರಿನ ಗಡಿಯಾರವೂ ಒಂದು ದಿನ ನಿಜ ಹೇಳಿದ್ದಿಲ್ಲ. ಇವತ್ತು ಬೆಳಿಗ್ಗೆ ಎಂಟಕ್ಕೆ ಎರಡು ಗಂಟೆ ತೋರಿಸುತ್ತಿತ್ತು. ದಿನಾ ಕೈಗಡಿಯಾರ ನೋಡಿ ಸರಿಮಾಡಿಯೇ ಹೊರಡಬೇಕು. ಕೊಂಡ ದಿನದಿಂದಲೂ ಹೀಗೇ. ಸುಳ್ಳು ಇದರ ರಕ್ತದಲ್ಲೇ ಇದೆ.

ಫೆಬ್ರವರಿ 11, ಮಂಗಳವಾರ

ಪ್ಲಗ್ಗೂ ಅಲ್ಲ. ಇವತ್ತು ದೀಪದ ಜೊತೆ ಗಾಡಿ ಜಗ್ಗಿತು ಕೂಡ. ಯಾರೋ ಹಿಂದಿನಿಂದ ಹಿಡಿದೆಳೆದಂತೆ.

ಪುಟ್ಟಿಗೆ ಹೇಳಬಾರದೆಂದುಕೊಂಡಿದ್ದೆ. ಮುಖ ನೋಡಿಯೇ ಕಂಡುಹಿಡಿದಳು.

"ಮತ್ತೆ ಬಂತಾ?"

"ಬಂತು, ಹೋಯ್ತು."

"ನಾನು ಆ ಕಾರಲ್ಲಿ ಹೋಗಲ್ಲ ಅಕ್ಕಾ. ನಡ್ಕೊಂಡಾದ್ರೂ ಹೋಗ್ತೀನಿ."

"ಗುಡ್ಡ ಹತ್ತಿ ನಡ್ಕೊಂಡು? ಭಲೇ. ನಾನು ಹಿಂದೆ ಕೊಡೆ ಹಿಡ್ಕೊಂಡು ಬರ್ತೀನಿ."

ಅವಳು ನಗಲಿಲ್ಲ. ಅಳಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಅದೇ ಹೆದರಿಕೆಯಾಯಿತು.

ಬೇರೆ ದಾರಿಗಳನ್ನೆಲ್ಲ ಯೋಚಿಸಿ ನೋಡಿದ್ದೇನೆ. ಆಂಬುಲೆನ್ಸ್ ಎರಡು ಊರಿಗೆ ಒಂದು, ಹೋದ ಸಲ ಅದನ್ನು ನಂಬಿಯೇ ಕಾದು ಕೊನೆಗೆ ಬಾಡಿಗೆ ಕಾರು ಹತ್ತಿದ್ದು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ಮಾರ್ಚ್ ಒಂದಕ್ಕೆ. ಅದಕ್ಕೆ ಮುಂಚೆ ಬೇಡಿಕೊಂಡರೂ ಇಲ್ಲವೆಂದರು. ಆಚೆ ಊರಿನ ದೊಡ್ಡ ಗ್ಯಾರೇಜಿನವರು ಕಾರನ್ನು ನಾಲ್ಕು ದಿನ ಬಿಟ್ಟುಹೋಗಿ ಎನ್ನುತ್ತಾರೆ. ಆ ನಾಲ್ಕು ದಿನದಲ್ಲೇ ನೋವು ಬಂದರೆ? ಈ ಡಬ್ಬವೇ ಗತಿ. ಪುಟ್ಟಿಗೆ ಇನ್ನೊಂದು ಸಲ ಹಾಗಾದರೆ ಅವಳು ಉಳಿಯುವುದಿಲ್ಲ, ನನಗೆ ಗೊತ್ತು.

ಫೆಬ್ರವರಿ 13, ಗುರುವಾರ

ಪಾನಣ್ಣ ಹೇಳಿಕಳಿಸಿದ್ದ, ದೀಪ ಉರಿಯುತ್ತಿರುವಾಗಲೇ ಎಂಜಿನ್ ಆರಿಸದೆ ನೇರ ತನ್ನ ಹತ್ತಿರ ತರಬೇಕೆಂದು. ಅರ್ಧ ದಿನ ರಜೆ ಹಾಕಿ, ದೀಪ ಹತ್ತಿಸುವುದಕ್ಕೆಂದೇ ಗುಡ್ಡ ಹತ್ತಿದೆ. ಬರಲಿಲ್ಲ. ಇಳಿದು ಮತ್ತೆ ಹತ್ತಿದೆ. ಬರಲಿಲ್ಲ. ಮೂರನೇ ಸಲ ಏರಿನ ನಡುವೆ "ಬಾರೇ, ಬಾ ನಮ್ಮಮ್ಮ" ಎಂದು ಬಾಯಿಬಿಟ್ಟು ಕರೆದೆ. ದಾರಿಬದಿಯಲ್ಲಿ ಕಲ್ಲು ಒಡೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಮೂರು ಸಲ ಒಂದೇ ಕಾರು ಹೋಗಿ ಬಂದದ್ದನ್ನು ಎಣಿಸಿರಬೇಕು, ಪಾಪ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಹೊತ್ತಲ್ಲದ ಹೊತ್ತಿಗೆ ವಕ್ಕರಿಸುವ ನೆಂಟರು ಕರೆದ ದಿನ ಬರುವುದಿಲ್ಲ.

ಫೆಬ್ರವರಿ 15, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ಕೆಲಸಕ್ಕೆ ಹೋಗುವಾಗ ದೀಪ ಬಂತು. ಸಂಜೆವರೆಗೂ ಇತ್ತು, ಆದರೆ ನಾನು ಬರುವಷ್ಟರಲ್ಲಿ ಪಾನಣ್ಣ ಬಾಗಿಲು ಹಾಕಿಕೊಂಡು ಹೋಗಿದ್ದ. ಇವತ್ತು ಬೆಳಿಗ್ಗೆ ಎಂದಿನಂತೆ ಮಾಯ. ಪಾನಣ್ಣ ಈ ಸಲ ಸ್ಕ್ಯಾನರನ್ನು ಬಹಳ ಹೊತ್ತು ಒತ್ತಿ ಒತ್ತಿ ನೋಡಿದ. ಆಮೇಲೆ ಪಾನಾವನ್ನು ಕೆಳಗಿಟ್ಟ. ಅವನು ಪಾನಾ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಮೇಡಂ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

ಅಕ್ಕ ಹೋಗಿ ಮೇಡಂ ಆಗಿದ್ದೆ. ಏನೋ ಎಡವಟ್ಟಾಗಿದೆ ಎಂದು ಅಲ್ಲಿಗೇ ತಿಳಿಯಿತು.

"ಬೇರೆ ಯಾರ ಹತ್ರ ತೋರಿಸ್ತಾ ಇದ್ದೀರಿ?"

"ಯಾರ ಹತ್ರಾನೂ ಇಲ್ಲ."

"ಇಲ್ಲಿ ನೋಡಿ. ಗಾಡಿ ಓಡ್ತಾ ಓಡ್ತಾ ಒಳಗಿರೋ ಕಂಪ್ಯೂಟರ್ ತನ್ನ ಪರೀಕ್ಷೆ ತಾನೇ ಮಾಡ್ಕೊಳ್ಳುತ್ತೆ. ನಿಮ್ಮ ಗಾಡೀಲಿ ಅರ್ಧಕ್ಕರ್ಧ ಮುಗಿದೇ ಇಲ್ಲ. ಯಾರಾದ್ರೂ ನೆನಪು ಅಳಿಸಿದ್ರೆ ಮಾತ್ರ ಹೀಗಾಗೋದು. ನಿಮ್ಮ ಗಾಡಿಗೆ ನಿನ್ನೆ ಅನ್ನೋದೇ ನೆನಪಿಲ್ಲ. ಯಾವನೋ ಅಳಿಸಿ ಕಳಿಸ್ತಾನೆ, ನೀವು ಆಮೇಲೆ ನನ್ನ ಹತ್ರ ಬಂದು ಕಂಡುಹಿಡಿ ಅಂತೀರ."

"ನನಗೇನು ಹುಚ್ಚಾ, ಎರಡೆರಡು ಕಡೆ ಸುತ್ತೋಕೆ?"

"ದೀಪ ಬಂದಿದ್ದು ನಿಜ ತಾನೆ? ನೀವು ಸರಿಯಾಗಿ ನೋಡಿದ್ದೀರಾ?"

ದಿನವಿಡೀ ಊರವರ ಕಣ್ಣಿಗೆ ಗಾಜು ಕೂರಿಸುವವಳನ್ನು, ನಿಮ್ಮ ಕಣ್ಣು ನೆಟ್ಟಗಿದೆಯಾ ಎಂದು ಕೇಳುತ್ತಾನೆ! ಬಾಯಿಗೆ ಬಂದದ್ದು ಅಂದೆ. ಅವನೂ ಬಿಡಲಿಲ್ಲ. ಪಂಕ್ಚರ್ ಹಾಕಿಸಲು ಬಂದವರೆಲ್ಲ ನೋಡುತ್ತ ನಿಂತರು. "ಹಾಗಾದ್ರೆ ಆ ಇನ್ನೊಬ್ಬ ಮೆಕ್ಯಾನಿಕ್ ಹತ್ರಾನೇ ಹೋಗಿ" ಎಂದು ಸ್ಕ್ಯಾನರ್ ಸುತ್ತಿಟ್ಟ.

ಈಗ ಮೆಕ್ಯಾನಿಕ್ಕೂ ಇಲ್ಲ. ಪುಟ್ಟಿ, "ಏನಂದ ಪಾನಣ್ಣ?" ಎಂದು ಕೇಳಿದಳು. "ಸರಿಹೋಗುತ್ತಂತೆ" ಎಂದೆ. ಕಾರಿನ ಜೊತೆ ಸೇರಿ ನಾನೂ ಸುಳ್ಳು ಕಲಿತೆ.

ಫೆಬ್ರವರಿ 16, ಭಾನುವಾರ

ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ.

ಬೆಳಕು ಹರಿಯುವ ಹೊತ್ತಿಗೆ ಪುಟ್ಟಿ ನೀರು ಕೇಳಿದಳು. ಅಡುಗೆಮನೆಯ ಕಿಟಕಿಯಿಂದ ಶೆಡ್ಡು ಕಾಣುತ್ತದೆ. ಕಾರಿನ ಬಾನೆಟ್ ಎತ್ತಿತ್ತು. ಅಪ್ಪ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಬಗ್ಗಿ, ಏನನ್ನೋ ಬಿಗಿಯುತ್ತಿದ್ದರು. ಚಪ್ಪಲಿ ಮೆಟ್ಟದೆ ಓಡಿದೆ.

"ಏನು ಮಾಡ್ತಿದ್ದೀರಿ?"

ಟಾರ್ಚ್ ತೆಗೆದು, "ಏನಿಲ್ಲ, ತಂತಿ ಹಾಕ್ತಿದ್ದೆ" ಎಂದರು. ಸ್ವಲ್ಪವೂ ಗಾಬರಿಯಿಲ್ಲ.

"ಯಾವ ತಂತಿ?"

"ಬ್ಯಾಟ್ರಿದು. ರಾತ್ರಿ ಬಿಚ್ಚಿಡ್ತೀನಲ್ಲ."

"ಯಾವತ್ತಿಂದ?"

"ಗಾಡಿ ಬಂದಾಗಿಂದ. ಸಂಜೆ ಒರೆಸಿ ಬಿಚ್ಚೋದು, ಬೆಳಿಗ್ಗೆ ನೀನು ಏಳೋದ್ರೊಳಗೆ ಹಾಕೋದು." ದಿನಾ ಹಲ್ಲುಜ್ಜುತ್ತೇನೆ ಎಂದಷ್ಟೇ ಸಲೀಸಾಗಿ ಹೇಳಿದರು. "ನಮ್ಮ ಕಾಲದಲ್ಲಿ ಶೆಡ್ಡಲ್ಲಿ ನಿಂತ ಲಾರಿಗೆ ರಾತ್ರಿ ತಂತಿ ಸುಟ್ಟು ಬೆಂಕಿ ಹತ್ಕೊಂಡಿತ್ತು. ಒಳಗೆ ಕ್ಲೀನರ್ ಮಲಗಿದ್ದ. ಅವತ್ತಿಂದ ನಾನು ಬಿಚ್ಚದೆ ಬಿಟ್ಟಿಲ್ಲ. ಅದ್ರಲ್ಲೂ ಇದ್ರಲ್ಲಿ ಮಗು ಬರೋದು..."

ಪಾನಣ್ಣ ಹೇಳಿದ್ದು ಅಲ್ಲೇ ನಿಂತಲ್ಲೇ ಅರ್ಥವಾಯಿತು. ಗಾಡಿಗೆ ನಿನ್ನೆ ಅನ್ನೋದೇ ನೆನಪಿಲ್ಲ. ದೋಷ ಕಂಡ ಕಂಪ್ಯೂಟರ್ ಹಗಲೆಲ್ಲ ಗುರುತು ಹಾಕಿಟ್ಟುಕೊಳ್ಳುವುದು, ಸಂಜೆ ಅಪ್ಪ ತಂತಿ ಬಿಚ್ಚಿದ ಮೇಲೆ ಎಲ್ಲ ಅಳಿಸಿಹೋಗುವುದು. ದೀಪವೂ ಹೋಯಿತು, ಗಡಿಯಾರವೂ ಹೋಯಿತು. ಎರಡು ವಾರದಿಂದ ನಾನು ನಿದ್ದೆ ಬಿಟ್ಟು ಅಲೆದದ್ದು, ಪುಟ್ಟಿ ಗೋಡೆ ನೋಡುತ್ತ ಮಲಗಿದ್ದು, ಪಾನಣ್ಣನ ಕೈಯಲ್ಲಿ ಬೀದಿಯಲ್ಲಿ ಮಾನ ಕಳೆದುಕೊಂಡದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು.

ಕೂಗಾಡಿದೆ. "ಒಂದು ಮಾತು ಕೇಳ್ಬಾರದಿತ್ತಾ? ಇನ್ಮೇಲೆ ಗಾಡಿ ಮುಟ್ಬೇಡಿ. ಗಾಡಿ ಮಾತ್ರ ಅಲ್ಲ, ಈ ಮನೇಲಿ ಏನೂ ಮುಟ್ಬೇಡಿ. ನೀವು ಮುಟ್ಟಿದ್ದೆಲ್ಲ ಹಾಳು! ಈ ಮಗುಗೂ ಏನಾದ್ರೂ ಆದ್ರೆ..." ಅಲ್ಲಿಗೆ ನಿಲ್ಲಿಸಿದೆ. ಪುಟ್ಟಿ ಬಾಗಿಲ ಹತ್ತಿರ ಬಂದು ನಿಂತಿದ್ದಳು.

ಅಪ್ಪ ಪಾನಾವನ್ನು ಬ್ಯಾಟರಿಯ ಪಕ್ಕದಲ್ಲೇ ಇಟ್ಟು ಒಳಗೆ ಹೋದರು. ಅರ್ಧ ಬಿಗಿದಿದ್ದ ತಂತಿಯನ್ನು ನಾನೇ ಬಿಗಿದೆ.

ಸಿಟ್ಟಲ್ಲಿ ಅಂದದ್ದು. ಮನೆ ಎಂದ ಮೇಲೆ ಇಷ್ಟೂ ಇಲ್ಲದಿದ್ದರೆ ಹೇಗೆ.

ಫೆಬ್ರವರಿ 17, ಸೋಮವಾರ

ನಿನ್ನೆ ಮಧ್ಯಾಹ್ನ ಗುಡ್ಡ ಹತ್ತಿದೆ, ದೀಪ ಬಂತು. ತಂತಿಯನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ ದೀಪ ಹಾಗೇ ಉರಿಯುತ್ತಿದೆ, ಗಡಿಯಾರವೂ ಸರಿಯಾಗಿದೆ. ಎರಡು ವರ್ಷದಲ್ಲಿ ಮೊದಲ ಸಲ.

ಮಾನ ಮರ್ಯಾದೆ ಮನೆಯಲ್ಲಿಟ್ಟು ಪಾನಣ್ಣನ ಹತ್ತಿರ ಹೋದೆ. ಬ್ಯಾಟರಿಯ ಕಥೆ ಕೇಳಿ ಅವನು ಹಳೇ ಟೈರಿನ ಮೇಲೆ ಕೂತು ನಕ್ಕ. ನಕ್ಕು ಕಣ್ಣೊರೆಸಿಕೊಂಡ. ನಾನು ನಗಲಿಲ್ಲ.

"ಆಕ್ಸಿಜನ್ ಸೆನ್ಸರ್ ಅಕ್ಕಾ" ಎಂದ ಸ್ಕ್ಯಾನರ್ ನೋಡಿ. ಮತ್ತೆ ಅಕ್ಕ ಆಗಿದ್ದೆ.

ಕಾರಿನ ಕೆಳಗೆ ಹೊಗೆಯ ಕೊಳವೆಯಲ್ಲಿ ಬೆರಳುದ್ದದ ವಸ್ತುವೊಂದು ಕೂತಿರುತ್ತದೆ. ಗಾಡಿಯ ಮೂಗು ಎಂದ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ನೋಡಿ ಕಂಪ್ಯೂಟರಿಗೆ ಹೇಳುತ್ತದೆ, ಅದನ್ನು ನಂಬಿ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಸುರಿಯುತ್ತದೆ. ಪರದೆಯಲ್ಲಿ ಗೆರೆ ಮೇಲೆ ಕೆಳಗೆ ಕುಣಿಯಬೇಕಂತೆ. ಗಾಡಿ ತಣ್ಣಗಿದ್ದಾಗ ಕುಣಿಯುತ್ತಿತ್ತು. ಎಂಜಿನ್ ಬಿಸಿಯಾಗಿ, ಅವನು ಆಕ್ಸಿಲರೇಟರ್ ಒತ್ತಿ ಹಿಡಿದಾಗ ಗೆರೆ ಸತ್ತವರ ಹಾಗೆ ಮಲಗಿತು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಕುಣಿಯಿತು. ನಾನು ಕಣ್ಣಾರೆ ನೋಡಿದೆ. ಏರಿನಲ್ಲೇ ಯಾಕೆ, ಒಂದು ದಿನ ಬಂದು ಒಂದು ದಿನ ಯಾಕಿಲ್ಲ, ಎಲ್ಲ ಆ ಗೆರೆಯಲ್ಲೇ ಇತ್ತು. ತಂತಿ ಸುಟ್ಟಿಲ್ಲ, ಕೊಳವೆ ಎಲ್ಲೂ ಸೋರುತ್ತಿಲ್ಲ ಎಂದು ಕೆಳಗೆ ಮಲಗಿ ನೋಡಿ ಖಾತ್ರಿ ಮಾಡಿಕೊಂಡ. ಹೊಸ ಸೆನ್ಸರ್ ಬೇರೆ ಊರಿಂದ ಬರಬೇಕು, ಒಂದು ವಾರ.

"ಅಷ್ಟರಲ್ಲಿ ನೋವು ಬಂದ್ರೆ?" ಎಂದೆ.

"ಇದ್ರಿಂದ ಗಾಡಿ ನಿಲ್ಲಲ್ಲ. ಜಗ್ಗೋದು ಯಾಕೆ ಅಂದ್ರೆ ಮೂಗು ಸುಳ್ಳು ಹೇಳುತ್ತೆ, ಕಂಪ್ಯೂಟರ್ ನಂಬುತ್ತೆ. ನಾನು ಇದರ ತಂತಿ ಕಳಚಿಡ್ತೀನಿ. ಮೂಗಿಲ್ಲ ಅಂತ ಗೊತ್ತಾದ್ರೆ ತನ್ನ ಅಂದಾಜಿನ ಮೇಲೆ ಓಡಿಸ್ಕೊಂಡು ಹೋಗುತ್ತೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಅಷ್ಟೇ. ಆದ್ರೆ ದೀಪ ಮಾತ್ರ ಯಾವಾಗ್ಲೂ ಉರೀತಾ ಇರುತ್ತೆ. ನೋಡ್ಕೊಂಡು ಓಡಿಸ್ತೀರಾ?"

ಕಳಚು ಎಂದೆ.

ಫೆಬ್ರವರಿ 19, ಬುಧವಾರ

ಎರಡು ದಿನವೂ ಗುಡ್ಡ ಹತ್ತಿ ಇಳಿದೆ. ಜಗ್ಗಲಿಲ್ಲ.

ಮನೆಯಲ್ಲಿ ಬೇರೆ ಗ್ರಹಚಾರ. ಅಪ್ಪನಿಗೆ ಹಟ ಹಿಡಿದಿದೆ. ಬಾಗಿಲಲ್ಲಿ ಬಿದ್ದ ಪೇಪರನ್ನು ದಾಟಿಕೊಂಡು ಹೋಗುತ್ತಾರೆ, ಎತ್ತುವುದಿಲ್ಲ. ಬೆಳಗಿನ ರೇಡಿಯೋ ಹಾಕುವುದಿಲ್ಲ. ತಾವೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ ಚಹಾವನ್ನು ಈಗ ಪುಟ್ಟಿ ಕೊಟ್ಟರೆ ಕುಡಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಇವತ್ತು ಕೆಲಸದಿಂದ ಬಂದರೆ ಗೇಟು ಹಾಕಿತ್ತು, ಜಗಲಿಯ ಮೇಲೆ ಕೂತೇ ಇದ್ದರು, ಎದ್ದು ಬಂದು ತೆಗೆಯಲಿಲ್ಲ. ನಾನೇ ಇಳಿದು ತೆಗೆದು ಕಾರು ಒಳಗೆ ತಂದೆ. ಸಂಜೆ ಅವರ ಕೋಣೆಯಲ್ಲಿ ಕತ್ತಲು. "ಲೈಟ್ ಹಾಕ್ಕೋಬಾರದಾ?" ಎಂದೆ. "ಇರಲಿ ಬಿಡಮ್ಮ" ಎಂದರು. ಹಾಕಿ ಬಂದೆ.

ಹೊಟ್ಟೆಯೊಳಗಿನ ಮಗುವಿಗೂ ಇಷ್ಟು ಹಟ ಇರಲಾರದು.

"ನೀನೇ ಮಾತಾಡ್ಸು ಅಕ್ಕಾ" ಎನ್ನುತ್ತಾಳೆ ಪುಟ್ಟಿ. ಏನೆಂದು ಮಾತಾಡಿಸಲಿ? ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಕೂಗಿದ್ದು ಜಾಸ್ತಿಯಾಯಿತು, ಒಪ್ಪುತ್ತೇನೆ. ಪುಟ್ಟಿಯ ಹೆರಿಗೆ ಮುಗಿಯಲಿ, ಆಮೇಲೆ ನೋಡೋಣ.

ಫೆಬ್ರವರಿ 21, ಶುಕ್ರವಾರ

ಪುಟ್ಟಿಯ ಕಾಲು ಊದಿದೆ. ಅಂಗಡಿಯಲ್ಲಿ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಎಂಟು ಫ್ರೇಮ್ ಹಾಕಿ ನೋಡಿ ಮೊದಲನೆಯದನ್ನೇ ತೆಗೆದುಕೊಂಡಳು. ಬರುವಾಗ ಏರಿನ ಮೇಲಿಂದ ಕೆಳಗಿನ ಊರೆಲ್ಲ ಕಂಡಿತು. ನಮ್ಮ ಮನೆಯ ತಗಡಿನ ಶೆಡ್ಡೂ ಕಾಣುತ್ತದೆ ಅಲ್ಲಿಂದ. ಇಷ್ಟು ದಿನ ನೋಡಿಯೇ ಇರಲಿಲ್ಲ.

ಫೆಬ್ರವರಿ 22, ಶನಿವಾರ

ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ. ಬರೆಯಲು ಕೈಯಲ್ಲಿ ಶಕ್ತಿಯಿಲ್ಲ.

ಫೆಬ್ರವರಿ 23, ಭಾನುವಾರ

ಪಾನಣ್ಣ ಫೋನ್ ಮಾಡಿದ್ದ, ಸೆನ್ಸರ್ ಬಂದಿದೆ, ಈಗಲೇ ಬನ್ನಿ, ಭಾನುವಾರವಾದರೂ ನಿಮಗೋಸ್ಕರ ಬಾಗಿಲು ತೆಗೀತೀನಿ ಎಂದು. ಮುಂದಿನ ವಾರ ಬರುತ್ತೇನೆ ಎಂದೆ. "ನೀವೇನಾ ಮಾತಾಡ್ತಿರೋದು?" ಎಂದು ಕೇಳಿದ. ಇದರಲ್ಲಿ ಆಶ್ಚರ್ಯಪಡುವುದೇನಿದೆಯೋ.

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪುಟ್ಟಿ ತಟ್ಟೆ ಬಿಟ್ಟು ಎದ್ದಳು. ನಿಂತಲ್ಲೇ ನೀರು ಹೋಯಿತು. ಹಾಸಿಗೆಯ ತಾರೀಖಿಗೆ ಇನ್ನೂ ಒಂದು ವಾರ ಇತ್ತು. ಮಗುವಿಗೆ ತಾರೀಖು ಯಾರು ಹೇಳಿದ್ದರು? ಕಾರನ್ನು ಬಾಗಿಲಿಗೆ ತಂದೆ. ಹಿಂದಿನ ಸೀಟಿನಲ್ಲಿ ದಿಂಬು ಹಾಕಿದೆ. ಪುಟ್ಟಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟಳು.

"ದೀಪ ಇದೆಯಲ್ಲ ಅಕ್ಕಾ."

"ಇದೆ. ಅದು ಇರುತ್ತೆ. ಹತ್ತು."

"ಅಪ್ಪ ಬರ್ಲಿ. ಅಪ್ಪ ಇಲ್ದೆ ನಾನು ಹತ್ತಲ್ಲ."

ಅಪ್ಪ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅಂಗಿ ಬದಲಾಯಿಸಿ ಸಿದ್ಧವಾಗಿಯೇ ಇದ್ದರು, ಆದರೆ ಹೊಸಲು ದಾಟಿರಲಿಲ್ಲ. "ನಾನ್ಯಾಕಮ್ಮ, ನೀವು ಹೊರಡಿ" ಎಂದರು. "ಬನ್ನಿ ಅಪ್ಪಾ, ಹೊತ್ತಾಗ್ತಿದೆ" ಎಂದು ಕೈ ಹಿಡಿದು ಎಳೆದುಕೊಂಡು ಬಂದೆ. ಮುಂದಿನ ಬಾಗಿಲ ಹತ್ತಿರ ಬಂದು ಸುಮ್ಮನೆ ನಿಂತರು. ನಾನೇ ತೆಗೆದೆ. ಕೂತರು. ಬೆಲ್ಟು ಹಾಕಿಕೊಳ್ಳಲಿಲ್ಲ, ಅದನ್ನೂ ನಾನೇ ಬಗ್ಗಿ ಹಾಕಿದೆ. ಎರಡೂ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತರು. ಇಂಥ ಹೊತ್ತಿನಲ್ಲೂ ಹಟವೇ ಎಂದು ಒಳಗೊಳಗೇ ಹಲ್ಲು ಕಡಿದೆ.

ಏರು ಶುರುವಾಗುವಲ್ಲಿ ಮುಂದೆ ಮರದ ದಿಮ್ಮಿ ತುಂಬಿದ ಲಾರಿ. ಹಿಂದೆ ಪುಟ್ಟಿಯ ನೋವು ಹತ್ತಿರ ಹತ್ತಿರ ಬರುತ್ತಿತ್ತು. ಹಾರ್ನ್ ಒತ್ತಿದೆ, ಅವನು ಜಾಗ ಕೊಡಲಿಲ್ಲ. "ಒತ್ತಬೇಡ, ಅವನಿಗೆ ಭಾರ ಇದೆ. ಮೇಲೆ ಅಗಲ ಆಗೋ ಕಡೆ ಕೈ ತೋರಿಸ್ತಾನೆ, ಕಾಯಿ" ಎಂದರು ಅಪ್ಪ. ಆ ಭಾನುವಾರದ ಮೇಲೆ ನನ್ನೊಡನೆ ಆಡಿದ ದೊಡ್ಡ ಮಾತು ಅದೇ. ಕೈ ಅಲುಗಲಿಲ್ಲ, ಬಲಗಾಲು ಮಾತ್ರ ಕೆಳಗಿನ ಚಾಪೆಯನ್ನು ಬ್ರೇಕಿನ ಹಾಗೆ ಒತ್ತುತ್ತಿತ್ತು.

ದೊಡ್ಡ ತಿರುವಿನಲ್ಲಿ ಲಾರಿ ತೆವಳಿತು. ನನ್ನ ಎಂಜಿನ್ ನಿಂತುಹೋಯಿತು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಪುಟ್ಟಿ ಚೀರಿದಳು, "ಅಕ್ಕಾ, ಇಲ್ಲೇ ಅಲ್ವಾ! ಇಲ್ಲೇ ಅಲ್ವಾ ಅವತ್ತು!"

ಕ್ಲಚ್ ಬೇಗ ಬಿಟ್ಟಿದ್ದೆ, ನನ್ನದೇ ಎಡವಟ್ಟು. ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತಿರುಗಿಸಿ, ಮೊದಲನೇ ಗೇರಿನಲ್ಲಿ ಹೊರಟೆ. ಮೇಲೆ ರಸ್ತೆ ಅಗಲವಾಗುವಲ್ಲಿ ಲಾರಿಯವನು ಕೈ ಹೊರಗೆ ಹಾಕಿ ದಾರಿ ಕೊಟ್ಟ.

"ದೀಪ ಇನ್ನೂ ಇದೆಯಾ?" ಎಂದಳು ಪುಟ್ಟಿ ಹಲ್ಲು ಕಚ್ಚಿಕೊಂಡು.

"ಇರಲಿ ಬಿಡೇ. ನೀನು ಉಸಿರು ತಗೋ."

ಇಳಿಜಾರು, ಪೇಟೆ, ಆಸ್ಪತ್ರೆಯ ಗೇಟು. ಗಾಲಿಕುರ್ಚಿ ತಂದರು, ಒಳಗೆ ಕರೆದುಕೊಂಡು ಹೋದರು. ಆ ಉದ್ದನೆಯ ಮೊಗಸಾಲೆಯಲ್ಲಿ ನಾನೂ ಅಪ್ಪನೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು. ಹೋದ ಸಲವೂ ಇದೇ ಬಾಗಿಲಿನ ಮುಂದೆ ಕೂತಿದ್ದೆವು. ನಡುವೆ ಒಂದು ಸಲ ಅಪ್ಪ ಎದ್ದು ನಲ್ಲಿಯ ಹತ್ತಿರ ಹೋಗಿ ಬಂದರು.

ಮಧ್ಯಾಹ್ನ ಬಾಗಿಲು ತೆರೆಯಿತು. ಒಳಗಿನಿಂದ ಅಳು ಕೇಳಿಸಿತು. ಪುಟ್ಟಿಯದಲ್ಲ, ಚಿಕ್ಕ ಅಳು. ನಾನು ಎದ್ದು ನಿಂತೆನೋ ಬೆಂಚಿನಿಂದ ಬಿದ್ದೆನೋ ಗೊತ್ತಿಲ್ಲ. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, ಹಿರಿಯರೆಂದು ಅಪ್ಪನ ಮುಂದೆ ಹಿಡಿದಳು.

"ತಗೊಳ್ಳಿ ತಾತ, ಮೊಮ್ಮಗಳು."

ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡಮ್ಮಾ. ನಾನು ಮುಟ್ಟಲ್ಲ. ದೊಡ್ಡ ಮಗಳ ಕೈಗೆ ಕೊಡಿ."

"ಏನಾಗಲ್ಲ ತಾತ, ಹೆದರ್ಕೋಬೇಡಿ. ಕೈ ತೊಳ್ಕೊಂಡಿದ್ರೆ ಸಾಕು."

"ತೊಳ್ಕೊಂಡಿದ್ದೀನಿ" ಎಂದರು ಅಪ್ಪ. "ಆದ್ರೂ ಬೇಡ."

ಮಾತಾಡಿದ್ದು ನರ್ಸಿನ ಜೊತೆ, ನೋಡಿದ್ದು ನನ್ನನ್ನು. ಕೋಪದಿಂದಲ್ಲ. ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವರ ಹಾಗೆ ನೋಡಿದರು.

ಹಟವಲ್ಲ ಅದು. ಒಂದು ವಾರ ನಾನು ಹಟ ಹಟ ಎಂದು ಇಲ್ಲಿ ಬರೆದದ್ದು ಯಾವುದೂ ಹಟವಲ್ಲ. ಪೇಪರು, ರೇಡಿಯೋ, ಗೇಟು, ಲೈಟು, ಕಾರಿನ ಬಾಗಿಲು, ಬೆಲ್ಟು. ನಾನು ಏನು ಹೇಳಿದ್ದೆನೋ ಅದನ್ನು ಅಕ್ಷರ ಬಿಡದೆ ನಡೆಸಿದ್ದರು. ತಾವು ಮುಟ್ಟಿದರೆ ಹಾಳಾಗುತ್ತದೆ ಎಂದು ನಂಬಿಯೇಬಿಟ್ಟಿದ್ದರು. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಕೈಗಳು ಅವು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಕೂಸನ್ನು ನರ್ಸಿನಿಂದ ನಾನೇ ತೆಗೆದುಕೊಂಡೆ. ಅಷ್ಟು ಹಗುರ, ಅಷ್ಟು ಬಿಸಿ. ಅಪ್ಪನ ಎದುರು ಹೋಗಿ ನಿಂತೆ. ತಪ್ಪಾಯಿತು ಎಂದು ಹೇಳಬೇಕಿತ್ತು, ಆ ಮಾತು ಬರಲಿಲ್ಲ.

"ಅಪ್ಪಾ, ಹಿಡ್ಕೊಳ್ಳಿ" ಎಂದೆ.

"ನೀನೇ ಇಟ್ಕೊಳಮ್ಮಾ."

"ನನ್ನ ಕೈ ನಡುಗ್ತಾ ಇದೆ. ಬೀಳಿಸಿಬಿಡ್ತೀನಿ. ನೀವು ಹಿಡ್ಕೊಳ್ಳಿ."

ನಡುಗುತ್ತಿತ್ತು, ಸುಳ್ಳಲ್ಲ. ಅಪ್ಪ ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು. ಬೆನ್ನ ಹಿಂದಿದ್ದ ಕೈಗಳು ಮೆಲ್ಲಗೆ ಮುಂದೆ ಬಂದವು.

ಆಮೇಲೆ ನರ್ಸ್ ಮೂರು ಸಲ ಬಂದು ಕೇಳಿದರೂ ಕೂಸನ್ನು ವಾಪಸು ಕೊಡಲಿಲ್ಲ.